ದೀಪ ಹಚ್ಚಿದ ಮೇಲೆ ಹೆಪ್ಪು

ನಾನು ನ್ಯಾಮತಿಗೆ ಬಂದಿಳಿದದ್ದು ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಮುಖ ಊದಿಸಿಕೊಂಡು. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ನಮ್ಮವರು ದನದ ಆಸ್ಪತ್ರೆಯ ಕಂಪೌಂಡರ್. ಮದುವೆಯಾದ ಹೊಸತರಲ್ಲೇ ನ್ಯಾಮತಿಗೆ ಹಾಕಿದ್ದಾರೆಂದು ತಿಳಿದಾಗ ನಾನು ಪಕ್ಕದ ಮನೆಯಿಂದ ನಕ್ಷೆ ತರಿಸಿ ಹುಡುಕಿದೆ. ಹೊನ್ನಾಳಿ ಸಿಕ್ಕಿತು, ನ್ಯಾಮತಿ ಸಿಗಲಿಲ್ಲ. ನಕ್ಷೆಯಲ್ಲೇ ಇಲ್ಲದ ಊರಿನಲ್ಲಿ ಸಂಸಾರ ಹೂಡುವುದು ಹೇಗೆ ಎಂದು ಜಗಳ ತೆಗೆದೆ. ಅವರು ನಗುತ್ತಾ ಟ್ರಂಕಿಗೆ ಹಗ್ಗ ಬಿಗಿದರು. ಜಗಳಕ್ಕೇ ಸಿಗದ ಗಂಡನ ಜೊತೆ ಬಾಳುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಬಾಡಿಗೆಗೆ ಸಿಕ್ಕಿದ್ದು ಸಂತೆಬೀದಿಯ ಹಿಂದಿನ ಓಣಿಯಲ್ಲಿ ಹೆಂಚಿನ ಮನೆ. ಎದುರು ಮನೆಯಲ್ಲಿ ಕಸ್ತೂರಮ್ಮ, ಅಡಿಕೆ ವ್ಯಾಪಾರದ ಬಸವರಾಜಪ್ಪನ ಹೆಂಡತಿ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಹಿತ್ತಲಲ್ಲಿ ಎರಡು ಎಮ್ಮೆ ಕಟ್ಟಿದ್ದರು. ನಾವು ಬಂದ ಮೊದಲ ದಿನವೇ ಅವರ ಮನೆಯಿಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದಿತ್ತು. ನಾನು ಕಂಪೌಂಡರ ಹೆಂಡತಿಯೆಂದು ಎಷ್ಟು ಹೇಳಿದರೂ ಕೇಳದೆ ಇಡೀ ಓಣಿ ನನ್ನನ್ನು ಡಾಕ್ಟ್ರಮ್ಮ ಮಾಡಿತು. ಒಳಗೊಳಗೇ ನನಗೂ ಖುಷಿಯಾಗಿತ್ತು.

ಆ ಖುಷಿ ಒಂದು ವಾರ ನಿಂತಿರಬೇಕು. ಒಂದು ಸಂಜೆ ಹಾಲು ಕಾಯಿಸಿ ಆರಿಸಿ ನೋಡುತ್ತೇನೆ, ಹೆಪ್ಪು ಹಾಕಲು ಮೊಸರಿನ ಒಂದು ಹನಿಯೂ ಇಲ್ಲ. ಚಮಚ ಮೊಸರಿಗೇನು ಬರ ಎಂದುಕೊಂಡು ಬಟ್ಟಲು ಹಿಡಿದು ಕಸ್ತೂರಮ್ಮನವರ ಮನೆಗೆ ಹೋದೆ. ಆಗಷ್ಟೇ ದೇವರಿಗೆ ದೀಪ ಹಚ್ಚಿ ಬಂದಿದ್ದರು. ಹೆಪ್ಪು ಕೇಳಿದೆ. ಅವರು ನನ್ನ ಮುಖ ನೋಡಿದರು, ಬಟ್ಟಲು ನೋಡಿದರು. ಕೂರಿಸಿದರು. ಕುಂಕುಮ ಕೊಟ್ಟರು, ಎರಡು ಬಾಳೆಹಣ್ಣು ಕೊಟ್ಟರು, ಊರು ಹೊಂದಿಕೆಯಾಯಿತೇ ಎಂದು ವಿಚಾರಿಸಿದರು. ಮೊಸರಿನ ಮಾತಿಗೆ ಮಾತ್ರ ಹೂಂ ಇಲ್ಲ, ಊಹೂಂ ಇಲ್ಲ.

ಪಕ್ಕದ ದ್ಯಾಮಮ್ಮನ ಮನೆಗೆ ಹೋದೆ. ಆಕೆ ಒಂದು ಮೊಳ ಕನಕಾಂಬರ ಮುಡಿಸಿ, ಬೆಂಗಳೂರಿನಲ್ಲಿ ನಲ್ಲಿ ನೀರು ಯಾವಾಗ ಬರುತ್ತದೆ ಎಂದು ಕೇಳಿದಳು. ಅವಳ ತಲೆಯ ಮೇಲೆಯೇ ನೆಲುವಿನಲ್ಲಿ ಮೊಸರಿನ ಗಡಿಗೆ ತೂಗುತ್ತಿತ್ತು. ಮೂಲೆಮನೆ ಶಂಕ್ರಮ್ಮನದೂ ಅದೇ ಕಥೆ, ಅಲ್ಲಿ ಮಂಡಕ್ಕಿ ಸಿಕ್ಕಿತು. ಹಣೆ ತುಂಬ ಕುಂಕುಮ, ತಲೆ ತುಂಬ ಹೂ, ಸೆರಗಿನ ತುಂಬ ಮಂಡಕ್ಕಿ ಹೊತ್ತು ಖಾಲಿ ಬಟ್ಟಲಿನೊಂದಿಗೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಎದುರಿಗೆ ಬೆಣ್ಣೆಯಂಥ ಮಾತು, ಒಂದು ಚಮಚ ಮೊಸರು ಕೊಡಲು ಕೈ ಬರುವುದಿಲ್ಲ. ಇದೆಂಥ ಜನ ಎನಿಸಿ ಮೈಯೆಲ್ಲ ಉರಿಯಿತು.

ನಮ್ಮವರು ಹಳ್ಳಿ ತಿರುಗಿ ಬಂದ ಮೇಲೆ, ಈ ಊರಿನಲ್ಲಿ ನಾನಿರುವುದಿಲ್ಲ, ವರ್ಗ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಾನು ಅಪ್ಪನ ಮನೆಗೆ ಹೋಗುತ್ತೇನೆ ಎಂದುಬಿಟ್ಟೆ. ಮೊಸರಿನ ಸುದ್ದಿ ಎತ್ತಲಿಲ್ಲ. ಚಮಚ ಮೊಸರಿಗಾಗಿ ಅತ್ತೆನೆಂದು ಹೇಳಿಕೊಳ್ಳಲು ಮರ್ಯಾದೆ ಅಡ್ಡ ಬಂತು. ಅಂದು ಮಾತ್ರ ಅವರು ನಗಲಿಲ್ಲ. ಸೋಮವಾರ ಶಿವಮೊಗ್ಗಕ್ಕೆ ಹೋಗಿ ಸಾಹೇಬರನ್ನು ಕೇಳುತ್ತೇನೆ ಎಂದರು. ನಾನು ಹಾಲನ್ನು ಇನ್ನೊಮ್ಮೆ ಕಾಯಿಸಿಟ್ಟು ಮಲಗಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಕಸ್ತೂರಮ್ಮ ಕೂತಿದ್ದಾರೆ, ಕೈಯಲ್ಲಿ ಮೊಸರಿನ ಬಟ್ಟಲು. ಅವರ ಹಿಂದೆಯೇ ದ್ಯಾಮಮ್ಮ ಇನ್ನೊಂದು ಬಟ್ಟಲು ಹಿಡಿದು ಬಂದಳು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರುವಾಗಲೇ ಶಂಕ್ರಮ್ಮ ಪುಟ್ಟ ಗಡಿಗೆಯನ್ನೇ ಹೊತ್ತು ಬಂದಳು. ಒಂದು ಸೇರು ಹಾಲಿಗೆ ಮೂರು ಮನೆಯ ಹೆಪ್ಪು.

ಕಸ್ತೂರಮ್ಮ ಒಳಗೆ ಬಂದವರೇ ದನಿ ತಗ್ಗಿಸಿ ಗದರಿದರು. “ದೀಪ ಹಚ್ಚಿದ ಮ್ಯಾಲೆ ಯಾರಾದ್ರೂ ಹೆಪ್ಪು ಕೇಳಾಕೆ ಬರ್ತಾರೇನವ್ವ? ಆ ಹೊತ್ನಾಗೆ ಹಾಲು ಮೊಸರು ಹೊರಗೆ ಕೊಟ್ರೆ ಮನೆ ಲಕ್ಷ್ಮಿ ಹೋಗ್ತಾಳೆ. ಇಲ್ಲ ಅಂತನೂ ಅನ್ನಂಗಿಲ್ಲ. ನನ್ನ ಪೇಚಾಟ ನನಗೇ ಗೊತ್ತು. ನಿಮ್ಮವ್ವ ಇದನ್ನೆಲ್ಲ ಹೇಳಿಕೊಟ್ಟಿಲ್ವ?”

ನನಗೆ ಐದು ತುಂಬುವ ಮೊದಲೇ ಅಮ್ಮ ಹೋದಳು, ಅಪ್ಪ ಹೋಟೆಲಿನ ಕ್ಯಾರಿಯರ್ ತರಿಸಿ ಸಾಕಿದರು ಎಂದು ಹೇಳಿದೆ. ಕಸ್ತೂರಮ್ಮ ಆಮೇಲೆ ಗದರಲಿಲ್ಲ. ಸೆರಗು ಸಿಕ್ಕಿಸಿ ನನ್ನ ಅಡಿಗೆಮನೆಗೆ ನಡೆದರು. ರಾತ್ರಿಯ ಹಾಲನ್ನು ಮತ್ತೆ ಬೆಚ್ಚಗೆ ಮಾಡಿ, ಕಿರುಬೆರಳು ಅದ್ದಿ ಬಿಸಿ ನೋಡಿ, ನನ್ನ ಬೆರಳನ್ನೂ ಹಿಡಿದು ಅದ್ದಿಸಿ, ಇಷ್ಟು ಬೆಚ್ಚಗಿರಬೇಕು ಎಂದು ತೋರಿಸಿ ತಮ್ಮ ಬಟ್ಟಲಿನಿಂದಲೇ ಹೆಪ್ಪು ಹಾಕಿದರು. ಮಿಕ್ಕಿದ ಮೊಸರಿಗೆ ಅವಲಕ್ಕಿ ಕಲಸಿ ನಾಲ್ವರೂ ಅಲ್ಲೇ ಕೂತು ತಿಂದೆವು. ಸೋಮವಾರ ನಮ್ಮವರು ಶಿವಮೊಗ್ಗದ ಬಸ್ಸಿಗೆ ಹೊರಟು ನಿಂತಾಗ, ಈ ವಾರ ಬೇಡ ಎಂದೆ. ಅವರು ಏಕೆಂದು ಕೇಳದೆ ಚಪ್ಪಲಿ ಬಿಟ್ಟರು. ಆ ವಾರ ಹನ್ನೊಂದು ವರ್ಷ ನಡೆಯಿತು.

ಆ ವರ್ಷಗಳ ಬಗ್ಗೆ ಏನು ಹೇಳಲಿ? ಟೆಂಟ್ ಸಿನಿಮಾದಲ್ಲಿ ನಾಯಕಿ ಕಣ್ಣೀರಿಡುತ್ತಿರುವಾಗಲೇ ಮೈಕಿನಲ್ಲಿ, “ಕಂಪೌಂಡರ್ ನಾಗರಾಜಪ್ಪನೋರು ಹೊರಗೆ ಬರ್ರಿ, ಧರ್ಮಪ್ಪನೋರ ಎಮ್ಮೆ ಈಯಾಕೆ ಒದ್ದಾಡ್ತೈತೆ” ಎಂದು ಕೂಗುತ್ತಿದ್ದರು. ಇವರು ಎದ್ದು ಹೋಗುತ್ತಿದ್ದರು, ಅರ್ಧ ಸಿನಿಮಾ ನಾನು ಕಸ್ತೂರಮ್ಮನ ತೋಳಿಗೊರಗಿ ನೋಡುತ್ತಿದ್ದೆ. ಮರುದಿನ ಧರ್ಮಪ್ಪನ ಮನೆಯಿಂದ ಗಿಣ್ಣದ ಹಾಲು ಬರುತ್ತಿತ್ತು. ನಾನು ಹೊನ್ನಾಳಿಗೆ ಹೋಗುವ ದಿನ ಬಸ್ಸಿನ ಕಂಡಕ್ಟರು ಡಾಕ್ಟ್ರಮ್ಮ ಇನ್ನೂ ಜಡೆ ಹೆಣೆಯುತ್ತಿರಬೇಕು ಎಂದು ಕಾಯುತ್ತಿದ್ದ, ಬಸ್ಸಿನೊಳಗಿನ ಒಬ್ಬರೂ ಗೊಣಗುತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಹೆಂಗಸರು ಅವರೆಕಾಯಿ ಸುಲಿಯುತ್ತಾ ಕೂತರೆ ನಾನು ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದೆ. ಕಥೆಯಲ್ಲಿ ಸೊಸೆಯನ್ನು ಗೋಳುಹೊಯ್ದುಕೊಳ್ಳುವ ಅತ್ತೆಗೆ ಶಂಕ್ರಮ್ಮ ಹಾಕುತ್ತಿದ್ದ ಶಾಪ ಕೇಳಿದ್ದರೆ ಬರೆದವರು ಪೆನ್ನು ಮುಚ್ಚಿಡುತ್ತಿದ್ದರು. ಕಸ್ತೂರಮ್ಮನನ್ನು ನಾನು ಯಾವಾಗಿನಿಂದ ಅಕ್ಕ ಎನ್ನತೊಡಗಿದೆನೋ ನೆನಪಿಲ್ಲ.

ಅಕ್ಕನ ದೀಪದ ನಿಯಮ ಮಾತ್ರ ಕಲ್ಲಿನಂತೆ ಗಟ್ಟಿ. ಒಮ್ಮೆ ಚನ್ನಗಿರಿಯಿಂದ ಬಂದು ಪಕ್ಕದ ಓಣಿಯಲ್ಲಿಳಿದಿದ್ದ ಸ್ವಂತ ತಂಗಿಯೇ ದೀಪದ ಹೊತ್ತಿಗೆ ಮಜ್ಜಿಗೆಗೆಂದು ಬಂದಾಗಲೂ ಬಾಳೆಹಣ್ಣು ಕೊಟ್ಟು ಕಳಿಸಿದವರು. ತಂಗಿ ಒಂದು ವರ್ಷ ಮಾತು ಬಿಟ್ಟಳು. ಅಕ್ಕ ಜಪ್ಪಯ್ಯ ಎನ್ನಲಿಲ್ಲ. ನಾನು ಇದಕ್ಕೆಲ್ಲ ನಗುತ್ತಿದ್ದೆ. ಆದರೆ ಹೈಸ್ಕೂಲಿಗೆ ಹೊಸದಾಗಿ ಬಂದ ಮೇಷ್ಟ್ರ ಹೆಂಡತಿ ಒಂದು ಸಂಜೆ ಬಟ್ಟಲು ಹಿಡಿದು ನನ್ನ ಬಾಗಿಲಲ್ಲಿ ನಿಂತಾಗ ನನ್ನ ಕೈ ತಾನಾಗಿ ಕುಂಕುಮದ ಭರಣಿಗೆ ಹೋಯಿತು. ಕಾರಣವನ್ನು ಬಿಡಿಸಿ ಹೇಳಿ, ಬೆಳಿಗ್ಗೆ ನಾನೇ ಹೆಪ್ಪು ಕೊಟ್ಟು ಬಂದೆ. ನಾನು ನ್ಯಾಮತಿಯವಳಾದದ್ದು ಅಂದೇ ಇರಬೇಕು.

ಎಂಬತ್ತೈದರಲ್ಲಿ ಇವರಿಗೆ ಬಡ್ತಿ ಸಿಕ್ಕಿ ಜಗಳೂರಿಗೆ ಹಾಕಿದರು. ಈ ಸಲ ಬಡ್ತಿಯೇ ಬೇಡವೆಂದು ಬರೆದುಕೊಡಿ ಎಂದು ಜಗಳ ತೆಗೆದೆ. ಅವರು ಎರಡು ಬಾರಿ ಹಾಗೆ ಬರೆದುಕೊಟ್ಟಾಗಿತ್ತು, ಮೂರನೆಯದಕ್ಕೆ ಸಾಹೇಬರು ಒಪ್ಪಲಿಲ್ಲ. ಸುದ್ದಿ ತಿಳಿದ ಮೇಲೆ ಅಕ್ಕ ನನ್ನ ಬಳಿ ಹೆಚ್ಚು ಮಾತಾಡಲಿಲ್ಲ. ಸಾಮಾನು ಕಟ್ಟಲು ಓಣಿಯೆಲ್ಲ ಬಂದಿತ್ತು, ಅವರೊಬ್ಬರೇ ಬರಲಿಲ್ಲ. ನನಗೆ ಸಿಟ್ಟೂ ಬಂತು, ದುಃಖವೂ ಆಯಿತು.

ಲಾರಿ ಹೋದ ಸಂಜೆ ಮನೆಯಲ್ಲಿ ಉಳಿದದ್ದು ಒಂದು ಚಾಪೆ, ಎರಡು ಚೀಲ. ಮೊಸರಿನ ಗಡಿಗೆಯನ್ನು ಬೆಳಿಗ್ಗೆಯೇ ತೊಳೆದು ಲಾರಿಗೆ ಹಾಕಿಸಿದ್ದೆ. ತೊಳೆದ ಕೈ ಇನ್ನೂ ಒದ್ದೆಯಾಗಿದ್ದಾಗಲೇ ನೆನಪಾಗಿತ್ತು, ಹೆಪ್ಪಿಗೆಂದು ಒಂದಿಷ್ಟೂ ತೆಗೆದಿಟ್ಟುಕೊಂಡಿಲ್ಲ. ಹೆಪ್ಪು ಜಗಳೂರಿನಲ್ಲೂ ಸಿಗುತ್ತದೆ. ಆದರೆ ನನ್ನ ಗಡಿಗೆಗೆ ಅಕ್ಕನ ಹೆಪ್ಪು ಬಿಟ್ಟು ಬೇರೆಯದು ಬಿದ್ದೇ ಇರಲಿಲ್ಲ. ಹಗಲೆಲ್ಲ ಹೋಗಿ ಕೇಳಲು ಬಿಗುಮಾನ ಬಿಡಲಿಲ್ಲ. ಬಾಗಿಲಲ್ಲಿ ಕೂತು ಎದುರು ಮನೆ ನೋಡುತ್ತಿದ್ದಂತೆ ಒಳಗೆ ದೀಪ ಹತ್ತಿತು. ಇನ್ನು ಕೇಳುವಂತಿಲ್ಲ. ನಮ್ಮ ಬಸ್ಸು ನಸುಕಿಗೇ.

ಆಗ ಅಕ್ಕ ಓಣಿ ದಾಟಿ ಬಂದರು. ಸೆರಗಿನ ಕೆಳಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮಡಿಲಿಗಿಟ್ಟರು. ಮುಚ್ಚಳಕ್ಕೆ ಬಿಳಿ ಬಟ್ಟೆ ಬಿಗಿದಿತ್ತು. ಬಿಚ್ಚದೆಯೇ ಏನೆಂದು ತಿಳಿಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

“ಅಕ್ಕಾ, ದೀಪ ಹಚ್ಚಿ ಆಗೈತೆ” ಎಂದೆ.

“ಗೊತ್ತೈತೆ, ನಾನೇ ಹಚ್ಚಿ ಬಂದೀನಿ.” ಅವರು ಡಬ್ಬಿಯ ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದರು. “ಕೊಟ್ರೆ ಲಕ್ಷ್ಮಿ ಹೋಗ್ತಾಳೆ ಅಂತಾರೆ. ಬೆಳಗ್ಗೆ ಬಸ್ಸಿಗೆ ಹೋಗೇ ಹೋಗ್ತಾಳಲ್ಲ ತಂಗಿ, ಇನ್ನ ಹಿಡಕೊಂಡು ಏನ್ ಮಾಡ್ಲಿ?”

ಬಸ್ಸಿನಲ್ಲಿ ಅಲುಗಾಡಿಸಬೇಡ, ಜಗಳೂರಿನ ಸೆಕೆಗೆ ಬೇಗ ಹುಳಿಯುತ್ತದೆ, ತಣ್ಣನೆಯ ಕಡೆ ಇಡು ಎಂದು ಹೇಳಿ, ಹಿಂದೆ ನೋಡದೆ ಹೋದರು.

ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗಲೂ ಡಬ್ಬಿಯನ್ನು ಇವರ ಕೈಗೆ ಕೊಡಲಿಲ್ಲ. ಜಗಳೂರಿನ ಮನೆಯಲ್ಲಿ ಹಾಲು ಸಿಕ್ಕ ಕೂಡಲೇ ಕಾಯಿಸಿ, ಆರಿಸಿ, ಕಿರುಬೆರಳು ಅದ್ದಿ ನೋಡಿ ಹೆಪ್ಪು ಹಾಕಿದೆ. ಮರುದಿನ ಊಟಕ್ಕೆ ಕೂತಾಗ ಇವರು ಮೊಸರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಆಮೇಲೆ, ಕಸ್ತೂರಮ್ಮನ ಮನೆಯದು ಅಲ್ಲವೇ ಎಂದರು. ನಾನು ಹೌದು ಎಂದೆ, ಅವರ ಎಲೆಗೆ ಇನ್ನೊಂದು ಸೌಟು ಬಡಿಸಿದೆ.