ಮಧ್ಯಾಹ್ನದ ಸಾಸಿವೆ

ಕೂಸು ಅತ್ತರೆ ತನಗೆ ಮರುಕಕ್ಕಿಂತ ಮೊದಲು ಸಿಟ್ಟು ಬರುತ್ತದೆ, ಇದು ಯಾರಿಗೂ ಗೊತ್ತಾಗಬಾರದು ಎಂದು ಗೋಪಮ್ಮ ಡೈರಿಯಲ್ಲಿ ಬರೆದುಕೊಂಡಳು. ಬರೆದು, ಆ ಸಾಲನ್ನು ಅಂಗೈಯಿಂದ ಮುಚ್ಚಿ ಕೂತಳು. ದೇವದುರ್ಗದ ಆ ಮನೆಯಲ್ಲಿ ಓದಬಲ್ಲವಳು ಅವಳೊಬ್ಬಳೇ.

1978ರಲ್ಲಿ ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿ ನೌಕರಿಗೆ ಕಾಯುತ್ತಿದ್ದಳು. ಅಣ್ಣ ಮೌನಪ್ಪ ಮಾನ್ವಿ ಕಡೆ ಕಾಲುವೆ ಕೆಲಸಕ್ಕೆ ಹೋಗಿದ್ದ. ತಾಯಿ ದುರುಗಮ್ಮ, ಅತ್ತಿಗೆ ಯಂಕಮ್ಮ ಶೇಂಗಾ ಹೊಲಕ್ಕೆ ಕೂಲಿಗೆ ಹೊರಟರೆ ಅತ್ತಿಗೆಯ ಮೂರು ತಿಂಗಳ ಕೂಸು ಅವಳ ಪಾಲಿಗೆ. ಹೊರಡುವ ಮುಂಚೆ ದುರುಗಮ್ಮ ಸಾಸಿವೆ ಕಾಳಿನಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಸವರುವಳು. ಕೂಲಿಗೆ ಹೋಗುವ ಓಣಿಯಲ್ಲಿ ಎಲ್ಲ ಮನೆಯಲ್ಲೂ ಅದೇ ರೂಢಿ. ಮಧ್ಯಾಹ್ನಕ್ಕೆ ಮಂಪರು ಇಳಿದು ಕೂಸು ಚೀರುತ್ತಿತ್ತು. ಒಂದು ದಿನ ಗೋಪಮ್ಮ ಡೈರಿ ಬದಿಗಿಟ್ಟು, ಗೂಡಿನಲ್ಲಿದ್ದ ಅಫೀಮಿನ ಡಬ್ಬಿ ತೆಗೆದು, ತಾನೂ ಒಂದು ಸಾಸಿವೆಯಷ್ಟು ಕೂಸಿನ ನಾಲಿಗೆಗೆ ಸವರಿದಳು. ಆಮೇಲೆ ದಿನಾ.

ಹತ್ತು ದಿನಕ್ಕೆ ಕೂಸು ಮೊಲೆ ಬಿಟ್ಟಿತು.

"ಹೊಲದಾಗ ಏನ್ ತಿಂದಿ ಬೇ? ಹಾಲು ಕೆಡಿಸ್ಕೊಂಡು ಕುಂತಿ," ಎಂದಳು ದುರುಗಮ್ಮ.

"ನೀ ಕಟ್ಟಿದ ಬುತ್ತಿನೇ ತಿಂದೀನಿ ಅತ್ತಿ. ಅದು ಕೆಟ್ಟಿದ್ರ ಮನ್ಯಾಗ ಅದನ್ನೇ ಉಂಡ ನಿನ್ನ ಮಗಳ ಹೊಟ್ಟೀನೂ ಕೆಡಬೇಕಿತ್ತಲ್ಲ," ಎಂದಳು ಯಂಕಮ್ಮ. ಮಾತು ಗಟ್ಟಿಯಿತ್ತು, ಆದರೆ ಕುಪ್ಪಸ ಎರಡೂ ಕಡೆ ಹಾಲಿನಿಂದ ತೊಯ್ದು ಅಂಟಿತ್ತು. ಅವಳು ಖಾರ ಬಿಟ್ಟಳು, ಬೆಳ್ಳುಳ್ಳಿ ತಿಂದಳು, ಪಕ್ಕದ ಬಡೇಬೀ ಕಡೆಯಿಂದ ದೃಷ್ಟಿ ತೆಗೆಸಿದಳು. ಕೂಸು ತುಟಿಗೆ ತಾಗಿದ್ದನ್ನು ಹಾಗೇ ಬಿಟ್ಟು ನಿದ್ದೆ ಹೋಗುತ್ತಿತ್ತು.

ಕಾಲೇಜಿನ ಮೇಷ್ಟ್ರು ಹೇಳಿದ್ದು ಗೋಪಮ್ಮನಿಗೆ ಆಗ ನೆನಪಾಯಿತು. ಮಿದುಳಿನಲ್ಲಿ ಅಫೀಮು ಹೋಗಿ ಕೂಡುವ ಜಾಗಗಳಿವೆಯಂತೆ. ಅವು ಅಫೀಮಿಗೆಂದು ಇರುವವಲ್ಲ. ಮೈಯೇ ಅಂಥದೊಂದು ರಸ ಮಾಡಿಕೊಳ್ಳುತ್ತದೆ, ಉಣ್ಣುವ ಸುಖವೂ ಅಲ್ಲಿಗೇ ಮುಟ್ಟುತ್ತದೆ, ಆ ಜಾಗವನ್ನು ಮದ್ದಿನಿಂದ ಮುಚ್ಚಿದರೆ ಪ್ರಯೋಗದ ಇಲಿ ಮುಂದಿಟ್ಟ ಕಾಳನ್ನೂ ಅರ್ಧಕ್ಕೆ ಬಿಡುತ್ತದೆ. ಈಗಷ್ಟೇ ಕಂಡುಕೊಂಡ ಸಂಗತಿ ಎಂದು ಮೇಷ್ಟ್ರು ಎರಡು ಸಲ ಹೇಳಿದ್ದರು, ಅವಳು ಅಂದವಾಗಿ ಬರೆದುಕೊಂಡಿದ್ದಳು. ತಾಯಿಯ ಹಾಲು ಮುಟ್ಟಬೇಕಾದಲ್ಲಿ ತಾನು ಮೊದಲೇ ಹೋಗಿ ಕೂತುಬಿಟ್ಟಿದ್ದೇನೆ ಅನ್ನಿಸಿತು.

ಎರಡು ದಿನ ಮಧ್ಯಾಹ್ನದ್ದನ್ನು ನಿಲ್ಲಿಸಿದಳು. ಕೂಸು ನಡುಗಿತು, ಬೆವರಿತು, ಹಾಲಿಗೂ ಬಾಯಿ ಹಾಕದೆ ಅತ್ತಿತು. ಮೂರನೆಯ ದಿನ ಅವಳ ಕೈ ಡಬ್ಬಿಗೆ ಹೋಯಿತು. ಅದನ್ನು ಡೈರಿಯಲ್ಲೂ ಬರೆಯಲಿಲ್ಲ.

ಕೂಸಿನ ನೆತ್ತಿ ಗುಳಿ ಬಿದ್ದ ದಿನ ಮೂವರೂ ಅದನ್ನೆತ್ತಿಕೊಂಡು ರಾಯಚೂರಿನ ಬಸ್ಸು ಹತ್ತಿದರು. ಯಂಕಮ್ಮ ದಾರಿಯುದ್ದಕ್ಕೂ ಸೆರಗಿನೊಳಗೆ ಅದರ ಬಾಯಿಗೆ ಮೊಲೆ ಹಿಡಿದೇ ಇದ್ದಳು.

ಡಾಕ್ಟರು ಕೂಸಿನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟರು. ಕಣ್ಣಪಾಪೆ ಸೂಜಿಮೊನೆಯಷ್ಟಿತ್ತು. "ಏನು ಕೊಟ್ಟೀರಿ ಇದಕ್ಕ?"

"ಏನೂ ಇಲ್ರೀ ಸಾಹೇಬ್ರ," ದುರುಗಮ್ಮ ತಟ್ಟನೆ ಅಂದಳು. "ಇಕಿ ಹಾಲೇ ಸರಿಯಿಲ್ಲ."

ಯಂಕಮ್ಮ ತೊಯ್ದ ಕುಪ್ಪಸದ ಮೇಲೆ ಸೆರಗು ಎಳೆದುಕೊಂಡು, "ಹೌದ್ರೀ, ನನ್ನ ಹಾಲೇ ಸರಿಯಿಲ್ಲ," ಎಂದಳು.

ಗೋಪಮ್ಮ ಡಾಕ್ಟರ ಕಡೆಗೆ ಸರಿದಳು. ದುರುಗಮ್ಮ ಅವಳ ಮೊಣಕೈ ಹಿಡಿದಳು. ಅವಳು ಬಿಡಿಸಿಕೊಂಡಳು.

"ಆಕಿ ಹಾಲು ಸರಿ ಅದಾವ್ರೀ. ಮುಂಜಾನಿ ನಮ್ಮವ್ವ ಅಫೀಮು ಕೊಡ್ತಾಳ, ಮಧ್ಯಾಹ್ನ ಯಾರಿಗೂ ಗೊತ್ತಾಗದಂಗ ಮತ್ತ ನಾ ಕೊಟ್ಟೀನ್ರೀ."