ಬಾಗಿಲ ಹಿಂದಿದ್ದ ಮೂರನೆಯ ಯಂತ್ರ

ನಾನು ರಕ್ತ ತೊಳೆಯುವ ಯಂತ್ರ. ಆಸ್ಪತ್ರೆಯವರು ನನ್ನನ್ನು ಡಯಾಲಿಸಿಸ್ ಮಷೀನು ಎನ್ನುತ್ತಾರೆ. ಮೂತ್ರಪಿಂಡ ಕೈಕೊಟ್ಟವರ ತೋಳಿಗೆ ಎರಡು ಸೂಜಿ ಚುಚ್ಚಿ ನನ್ನ ಕೊಳವೆಗಳಿಗೆ ಜೋಡಿಸುತ್ತಾರೆ. ಒಂದರಿಂದ ರಕ್ತ ನನ್ನೊಳಗೆ ಬರುತ್ತದೆ, ಕೊಳೆ ಕಳೆದುಕೊಂಡು ಇನ್ನೊಂದರಿಂದ ಮೈಗೆ ಮರಳುತ್ತದೆ. ಹೀಗೆ ನಡೆಯುವ ನಾಲ್ಕು ತಾಸು ಒಬ್ಬ ಮನುಷ್ಯನ ಜೀವ ನನಗೂ ಅವನಿಗೂ ನಡುವೆ ಓಡಾಡುತ್ತಿರುತ್ತದೆ.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಕಿರುಚುವುದನ್ನು. ಕೊಳವೆಯಲ್ಲಿ ಗಾಳಿಯ ಗುಳ್ಳೆ ಬಂದರೆ, ರಕ್ತದ ಒತ್ತಡ ಏರುಪೇರಾದರೆ, ತಕ್ಷಣ ಕೆಂಪು ದೀಪ ಹಚ್ಚಿ ಕೂಗಬೇಕು. ಕೂಗಲು ಮರೆತ ಯಂತ್ರ ಕೊಲ್ಲುತ್ತದೆ ಎಂಬುದು ಆ ಕಾರ್ಖಾನೆಯವರ ಪಾಠ.

ನನ್ನ ಮೊದಲ ಮನೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆ. ಅಲ್ಲಿ ತಣ್ಣನೆಯ ಕೋಣೆ, ಗೋಡೆಯಲ್ಲಿ ಟೀವಿ, ಪ್ರತಿ ಮಂಚಕ್ಕೂ ಪರದೆ. ಕೆಲವು ವರ್ಷ ದುಡಿದ ಮೇಲೆ ಹೊಸ ಮಾದರಿಯ ಯಂತ್ರಗಳು ಬಂದವು. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕ ನಡೆಸುವ ಗುತ್ತಿಗೆ ಹಿಡಿದಿದ್ದ ಕಂಪನಿಯೊಂದು ನನ್ನನ್ನು ಕೊಂಡುಕೊಂಡಿತು. ಹೀಗೆ ನಾನು ಟೆಂಪೊ ಏರಿ, ಮೆಣಸಿನಕಾಯಿ ಒಣಹಾಕಿದ ಬಯಲುಗಳನ್ನು ದಾಟಿ, ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಗೆ ಬಂದೆ. ಅಲ್ಲಿ ಆಗಲೇ ಎರಡು ಯಂತ್ರಗಳಿದ್ದವು. ನಾನು ಮೂರನೆಯವನಾದೆ.

ಆ ಘಟಕವನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು. ಯಂತ್ರಗಳ ಉಸ್ತುವಾರಿ ಟೆಕ್ನಿಷಿಯನ್ ರಾಚಯ್ಯನದು. ಸೂಜಿ ಹಾಕುವ ಕೆಲಸ ಎಸ್ತರ್ ಸಿಸ್ಟರ್ ಅವರದು. ಆಕೆ ಬೆಟಗೇರಿಯವರು, ಮಾತು ಕಮ್ಮಿ, ಕೈ ಹಗುರ. ರೋಗಿಗಳ ಪೈಕಿ ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದವರು ನೀಲಗಂಗವ್ವ ಮತ್ತು ಹುಸೇನಸಾಬ ನದಾಫರು.

ನೀಲಗಂಗವ್ವ ಬಸ್ ನಿಲ್ದಾಣದ ಹಿಂದೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಹಗಲೆಲ್ಲ ಉರಿಯ ಮುಂದೆ ಕೂರಬೇಕು, ಆದರೆ ಬೇಕಾದಷ್ಟು ನೀರು ಕುಡಿಯುವಂತಿಲ್ಲ. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ. ಬಾಯಾರಿದಾಗ ಒದ್ದೆ ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಳ್ಳುತ್ತೇನೆಂದು ಅವಳು ಪಕ್ಕದ ಮಂಚದವರಿಗೆ ಹೇಳುತ್ತಿದ್ದಳು. ನದಾಫರು ಗಾದಿ ಹೊಲಿಯುವವರು. ಆಸ್ಪತ್ರೆಯ ಹಾಸಿಗೆಯನ್ನು ಬಂದಾಗಲೆಲ್ಲ ಬೆರಳಿನಿಂದ ಒತ್ತಿ ನೋಡಿ, ಇದರೊಳಗೆ ಹತ್ತಿಯಿಲ್ಲ, ಬರೀ ಸುಳ್ಳು ತುಂಬಿದ್ದಾರೆ ಎಂದು ನಗಿಸುತ್ತಿದ್ದರು.

ನನ್ನ ಕಷ್ಟ ಶುರುವಾದದ್ದು ಒಂದು ಬೇಸಿಗೆಯಲ್ಲಿ. ರಕ್ತವನ್ನು ತಳ್ಳುವ ಪಂಪಿನ ಮೋಟಾರು ಬಿಸಿಯಾಗತೊಡಗಿತು. ನಾನು ದೀಪ ಹಚ್ಚಿದೆ, ಕೂಗಿದೆ. ರಾಚಯ್ಯ ತೆರೆದು ನೋಡಿ, ಮೋಟಾರು ಬದಲಾಯಿಸಲೇಬೇಕು ಎಂದು ಕಂಪನಿಗೆ ತಿಳಿಸಿದ. ಕಳಿಸುತ್ತೇವೆ ಅಂದರು. ಕಳಿಸಲಿಲ್ಲ. ಒಂದು ಮಧ್ಯಾಹ್ನ ನೀಲಗಂಗವ್ವನ ರಕ್ತ ಕೊಳವೆಯಲ್ಲಿ ಇರುವಾಗಲೇ ನನ್ನ ಪಂಪು ನಿಂತಿತು. ನಿಂತ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಡ. ಎಸ್ತರ್ ಸಿಸ್ಟರ್ ಓಡಿಬಂದು ಹಿಡಿಕೆ ಹಾಕಿ, ಪಂಪನ್ನು ಕೈಯಿಂದಲೇ ತಿರುಗಿಸುತ್ತ ಆ ರಕ್ತವನ್ನು ಅವಳ ಮೈಗೆ ವಾಪಸು ಕಳಿಸಿದರು. ಅವರ ಹಣೆಯ ಬೆವರು ನನ್ನ ಗಾಜಿನ ಮೇಲೆ ಬಿತ್ತು. ಅಂದಿನಿಂದ ನನಗೆ ಬಿಳಿ ಬಟ್ಟೆ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದರು.

ಮೂರು ಯಂತ್ರದ ರೋಗಿಗಳು ಎರಡಕ್ಕೆ ಬಂದರು. ಪ್ರತಿಯೊಬ್ಬರ ಪಾಳಿಯೂ ಕಡಿಮೆಯಾಯಿತು. ಕೆಲವರಿಗೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದರು. ನದಾಫರೂ ಅವರಲ್ಲಿ ಒಬ್ಬರು. ಬಸ್ಸಿನಲ್ಲಿ ಹೋಗಿ, ಅಲ್ಲಿ ಕಾದು, ಸುಸ್ತಾದ ಮೈ ಹೊತ್ತು ಮತ್ತೆ ಬಸ್ಸಿನಲ್ಲಿ ಬರಬೇಕು. ಒಮ್ಮೆ ಅಲ್ಲಿಯೂ ಜಾಗ ಸಿಗದೆ ಹಾಗೇ ಮರಳಿ ನಮ್ಮ ವಾರ್ಡಿಗೆ ಬಂದರು. ಕಾಲು ಊದಿತ್ತು. ಮಾತಿನ ನಡುವೆ ಉಸಿರು ಸಾಲುತ್ತಿರಲಿಲ್ಲ. ನನ್ನ ಹೊದಿಕೆಯ ಮೇಲೆ ಕೈಯಿಟ್ಟು, "ಇದು ಯಾವಾಗ ಏಳತೈತ್ರಿ ರಾಚಯ್ಯಾರ?" ಎಂದು ಕೇಳಿದರು. ರಾಚಯ್ಯ ಜಾರಿದ ಹೊದಿಕೆಯನ್ನು ಸರಿಮಾಡಿ ಆಚೆ ನಡೆದ. ಮುಂದಿನ ವಾರ ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿ, ಬಸ್ಸಿನೊಳಗೇ ಅವರು ತೀರಿಕೊಂಡರು.

ಆ ಸುದ್ದಿ ಬಂದ ದಿನ ವಾರ್ಡಿನಲ್ಲಿ ಎಲ್ಲರೂ ತಮ್ಮ ತಮ್ಮ ಕಾಲು ಊದಿದೆಯೇ ಎಂದು ನೋಡಿಕೊಂಡರು.

ಅದೇ ಹೊತ್ತಿಗೆ ಊರಲ್ಲಿ ಆಟೋದ ಮೈಕಿನಲ್ಲಿ ಸಾರಿದರು: ಸರ್ಕಾರಿ ಕಚೇರಿಗಳ ಮೇಲಿನ ದೂರು ಕೇಳಲು ಉಪಲೋಕಾಯುಕ್ತರು ಬರುತ್ತಾರೆ, ಯಾರು ಬೇಕಾದರೂ ಹೇಳಿಕೊಳ್ಳಬಹುದು. ನೀಲಗಂಗವ್ವ ಅಲ್ಲಿಗೆ ಹೋದಳು. ಅಲ್ಲಿ ನಡೆದದ್ದು ನನಗೆ ತಿಳಿದದ್ದು ಎಷ್ಟೋ ದಿನಗಳ ನಂತರ, ಅವಳೇ ಪಕ್ಕದ ಮಂಚದವರಿಗೆ ಹೇಳಿಕೊಂಡಾಗ. ತಹಶೀಲ್ದಾರ ಕಚೇರಿಯ ಸಭಾಂಗಣದಲ್ಲಿ ಬಹಳ ಜನ. ರಸ್ತೆ, ಪಿಂಚಣಿ, ಚರಂಡಿ ಎಂದು ಒಬ್ಬರಾದ ಮೇಲೊಬ್ಬರು ಎದ್ದು ನಿಲ್ಲುತ್ತಿದ್ದರು. ಉಪಲೋಕಾಯುಕ್ತರು ನಿವೃತ್ತ ನ್ಯಾಯಾಧೀಶರು, ವಸುಮತಿ ಎಂದು ಹೆಸರು, ಮೈಸೂರಿನ ಕಡೆಯವರು. ತನ್ನ ಸರದಿ ಬಂದಾಗ ನೀಲಗಂಗವ್ವ ಎದ್ದು ನಿಂತಳು. ಮುಂದಿನ ಸಾಲಿನಲ್ಲಿ ಆಸ್ಪತ್ರೆಯ ಮುಖ್ಯ ವೈದ್ಯರು ಕುಳಿತಿದ್ದರು. ಅವಳು ಏನೂ ಹೇಳದೆ ಹೊರಟಳು.

ವಸುಮತಿಯವರು ಅದನ್ನು ಗಮನಿಸಿದ್ದರು. ಊಟದ ಬಿಡುವಿನಲ್ಲಿ ಅವಳನ್ನು ಒಳಕೋಣೆಗೆ ಕರೆಸಿದರು. ಅಲ್ಲಿ ಅವಳು ಎಲ್ಲವನ್ನೂ ಹೇಳಿದಳು, ಆದರೆ ದೂರಿಗೆ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ.

"ನಾಳೆ ಮತ್ತ ಅದ ಮಂಚದ ಮ್ಯಾಲೆ ಮಲಗಬೇಕ್ರಿ ನಾನು. ಅವರ ಮ್ಯಾಲೆ ದೂರು ಕೊಟ್ಟು, ಸೂಜಿ ಹಾಕ್ರಿ ಅಂತ ಅವರ ಮುಂದ ಕೈ ಚಾಚೂದು ಹ್ಯಾಂಗ್ರಿ?"

"ಹಾಗಾದ್ರೆ ಹೆಸರು ಬೇಡ," ಎಂದರು ವಸುಮತಿಯವರು. "ಇದನ್ನ ನಾನೇ ಕೈಗೆತ್ತಿಕೊಂಡ ದೂರು ಅಂತ ಬರೆಸ್ತೀನಿ. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ನಾಳೆ ಆಸ್ಪತ್ರೆಗೆ ಬರ್ತೀನಿ. ಅಲ್ಲಿ ನಿಮ್ಮ ಗುರುತೇ ಇಲ್ಲದವಳ ಹಾಗೆ ಇರ್ತೀನಿ."

ಆದರೆ ಅವರು ಬರುತ್ತಾರೆಂಬ ಸುದ್ದಿ ಅವರಿಗಿಂತ ಮೊದಲೇ ಆಸ್ಪತ್ರೆ ಮುಟ್ಟಿತು. ಮರುದಿನ ಬೆಳಿಗ್ಗೆ ಗೋಡೆ ತೊಳೆದರು, ಹೊಸ ಚಾದರ ಹಾಸಿದರು. ಮುಖ್ಯ ವೈದ್ಯರು ಬಂದು ನನ್ನತ್ತ ಬೆರಳು ಮಾಡಿದರು. ಕೆಟ್ಟ ಯಂತ್ರ ಕಣ್ಣಿಗೆ ಬಿದ್ದರೆ ನೂರು ಪ್ರಶ್ನೆ ಹುಟ್ಟುತ್ತವೆ, ರಿಪೇರಿಗೆ ಹೋಗಿದೆ ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಬೆಳಗಿನ ಪಾಳಿಗೆ ಬಂದಿದ್ದ ರೋಗಿಗಳ ಎದುರೇ ರಾಚಯ್ಯ ತಲೆತಗ್ಗಿಸಿ ನನ್ನನ್ನು ಪಕ್ಕದ ಸಾಮಾನಿನ ಕೋಣೆಗೆ ತಳ್ಳಿದ. ಹರಿದ ಗಾದಿಗಳ ನಡುವೆ ನನ್ನನ್ನು ನಿಲ್ಲಿಸಿ ಬೀಗ ಹಾಕಿದ.

ಕತ್ತಲೆಯಲ್ಲಿ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಕೂಗಲು ಕಲಿಸಿದ್ದ ನನಗೆ ಕರೆಂಟಿನ ತಂತಿಯೇ ಇರಲಿಲ್ಲ.

ಚಪ್ಪಲಿಗಳ ಸದ್ದು ಒಳಗೆ ಬಂತು. ವಸುಮತಿಯವರು ಪ್ರತಿ ಮಂಚದ ಬಳಿ ನಿಂತು ಕೇಳಿದರು: ಚಿಕಿತ್ಸೆ ಸರಿಯಾಗಿ ಸಿಗುತ್ತಿದೆಯೇ, ಎಷ್ಟು ದಿನಕ್ಕೊಮ್ಮೆ ಬರುತ್ತೀರಿ? ಎಲ್ಲ ಚೊಲೊ ಐತ್ರಿ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಆ ದನಿಗಳೆಲ್ಲ ನನಗೆ ಗೊತ್ತು. ನದಾಫರ ಸುದ್ದಿ ಬಂದ ದಿನ ತಮ್ಮ ಕಾಲು ನೋಡಿಕೊಂಡಿದ್ದವರೇ ಅವರು. ನೀಲಗಂಗವ್ವನೂ ಚೊಲೊ ಐತ್ರಿ ಎಂದಳು. ವಸುಮತಿಯವರು ಕೊಟ್ಟ ಮಾತಿನಂತೆ ಅವಳ ಬಳಿ ಬೇರೆಯವರಿಗಿಂತ ಒಂದು ಗಳಿಗೆಯೂ ಹೆಚ್ಚು ನಿಲ್ಲಲಿಲ್ಲ.

ಆಮೇಲೆ ಅವರ ಹೆಜ್ಜೆ ಗೋಡೆಯ ಬಳಿ ನಿಂತಿತು. ಇಲ್ಲಿ ಯಂತ್ರಗಳಿಗೆ ನೀರು ಕೊಡುವ ನಲ್ಲಿ ಮೂರು ಇದೆ, ಯಂತ್ರ ಎರಡೇ ಇದೆಯಲ್ಲ ಎಂದು ಕೇಳಿದರು. ಮೂರನೆಯದು ರಿಪೇರಿಗೆ ಹುಬ್ಬಳ್ಳಿಗೆ ಹೋಗಿದೆ, ಈ ವಾರ ಬರುತ್ತದೆ ಎಂದರು ಮುಖ್ಯ ವೈದ್ಯರು. ವಸುಮತಿಯವರು ರಾಚಯ್ಯನನ್ನು ಕೇಳಿದರು. ಅವನು ಗಂಟಲು ಸರಿಪಡಿಸಿಕೊಂಡ, ಅಷ್ಟೇ. ಎಸ್ತರ್ ಸಿಸ್ಟರ್ ಕೂಡ ಸುಮ್ಮನಿದ್ದರು. ಕಳಿಸಿದ ರಸೀತಿ ತರಿಸಿ ಎಂದು ವಸುಮತಿಯವರು ಹೇಳಿದರು. ಕಚೇರಿಯಲ್ಲಿದೆ, ಅಲ್ಲಿಗೇ ಹೋಗೋಣ ಎಂದು ವೈದ್ಯರು ಬಾಗಿಲ ಕಡೆ ನಡೆದರು. ಹೆಜ್ಜೆಗಳು ಹೊರಟವು. ಅವರು ಹೋದರೆ ಅಲ್ಲಿ ಚಹಾ ಬರುತ್ತದೆ, ಕಾಗದಗಳು ಬರುತ್ತವೆ, ನಾನು ಈ ಗಾದಿಗಳ ನಡುವೆಯೇ ತುಕ್ಕು ಹಿಡಿಯುತ್ತೇನೆ. ಮುಂದಿನ ಬಸ್ಸಿನಲ್ಲಿ ಯಾರು ಇರುತ್ತಾರೋ.

"ಮೇಡಮ್ಮಾರ."

ಅದು ನೀಲಗಂಗವ್ವನ ದನಿ. ಅವಳ ತೋಳಲ್ಲಿ ಆಗ ಎರಡೂ ಸೂಜಿಗಳಿದ್ದವು. ಅವಳ ರಕ್ತ ಎರಡನೆಯ ಯಂತ್ರದಲ್ಲಿ ಸುತ್ತುತ್ತಿತ್ತು. ಎದ್ದು ಓಡುವಂತಿಲ್ಲ, ಹೊರಳುವಂತೆಯೂ ಇಲ್ಲ.

"ಮಷೀನು ಹುಬ್ಬಳ್ಳಿಗೆ ಹೋಗಿಲ್ರಿ. ಆ ಬಾಗಲದ ಹಿಂದೈತಿ. ನಿನ್ನೆ ಹೇಳಿದಾಕಿ ನಾನ ರೀ. ಹೆಸರು ಬರಕೋರಿ, ನೀಲಗಂಗವ್ವ ಕಟಗೇರಿ."

ಎರಡನೆಯ ಯಂತ್ರದ ಪಂಪು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಬೀಗ ತೆರೆಯಿತು, ಬೆಳಕು ನನ್ನ ಮೇಲೆ ಬಿತ್ತು. ವಸುಮತಿಯವರು ನನ್ನ ಹೊದಿಕೆ ಸರಿಸಿ ನೋಡಿದರು. ಸಣ್ಣ ಮೈಕಟ್ಟು, ಕನ್ನಡಕದ ಹಿಂದೆ ದಣಿದ ಕಣ್ಣು. ಬೈಯಲಿಲ್ಲ. ಒಂದು ಕುರ್ಚಿ ತರಿಸಿ ನೀಲಗಂಗವ್ವನ ಮಂಚದ ಪಕ್ಕ ಹಾಕಿಸಿಕೊಂಡರು.

"ಇವರ ಸೂಜಿ ತೆಗೆಯೋವರೆಗೂ ನಾನು ಇಲ್ಲೇ ಕೂತಿರ್ತೀನಿ. ವಿಚಾರಣೆಯೂ ಇಲ್ಲೇ ಆಗಲಿ."

ಹಾಗೇ ಆಯಿತು. ರಾಚಯ್ಯ ತಾನು ಮೋಟಾರಿಗಾಗಿ ಕಂಪನಿಯನ್ನು ಎಷ್ಟು ಸಲ ಕೇಳಿದ್ದೆ, ರೋಗಿಗಳಿಗೆ ಹೇಳಬೇಡ ಎಂದು ವೈದ್ಯರು ತನಗೆ ಹೇಗೆ ತಾಕೀತು ಮಾಡಿದರು ಎಂಬುದನ್ನೆಲ್ಲ ಹೇಳಿದ. ಮುಖ್ಯ ವೈದ್ಯರು, ಯಂತ್ರ ಕೆಟ್ಟಿದೆ ಎಂದು ಮೇಲೆ ಬರೆದರೆ ಘಟಕವನ್ನೇ ಮುಚ್ಚಿಬಿಡುತ್ತಾರೆಂದು ಹೆದರಿದೆ ಎಂದರು. ಅದು ಸುಳ್ಳಾಗಿರಲಿಲ್ಲ ಎಂದು ನನಗನಿಸುತ್ತದೆ.

"ನಿಮ್ಮ ಹೆದರಿಕೆ ಅರ್ಥವಾಗುತ್ತೆ ಡಾಕ್ಟ್ರೇ," ಎಂದರು ವಸುಮತಿಯವರು. "ಆದ್ರೆ ಅದರ ಭಾರ ಹೊತ್ತವರು ನದಾಫರು."

ಅಂದಿನಿಂದಲೇ, ನಾನು ಸರಿಯಾಗುವವರೆಗೆ ರೋಗಿಗಳನ್ನು ಆಸ್ಪತ್ರೆಯ ಗಾಡಿಯಲ್ಲೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಆದೇಶವಾಯಿತು. ಕಂಪನಿಯವರನ್ನು ವಿಚಾರಣೆಗೆ ಕರೆಸಿದರು. ಎಷ್ಟು ಕೇಳಿದರೂ ಬಾರದಿದ್ದ ಮೋಟಾರು, ನೋಟಿಸು ಮುಟ್ಟಿದ ಮೇಲೆ ಕಾರಿನಲ್ಲಿ ಬಂತು. ಮುಖ್ಯ ವೈದ್ಯರ ಮೇಲೆ ಇಲಾಖೆಯ ವಿಚಾರಣೆ ನಡೆದು, ಅವರು ಬೇರೆ ಊರಿಗೆ ಹೋದರು. ಜಿಲ್ಲೆಯ ಯಾವ ಆಸ್ಪತ್ರೆಯಲ್ಲಿ ಯಂತ್ರ ನಿಂತರೂ ಅದೇ ದಿನ ಮೇಲಕ್ಕೆ ತಿಳಿಸಬೇಕು, ರೋಗಿಗೆ ಬೇರೆ ವ್ಯವಸ್ಥೆ ಮಾಡಿಯೇ ಮನೆಗೆ ಕಳಿಸಬೇಕು ಎಂಬ ನಿಯಮ ಬಂತು. ವಾರ್ಡಿನ ಗೋಡೆಯ ಮೇಲೆ ದೂರಿನ ಫೋನ್ ನಂಬರನ್ನು ದೊಡ್ಡದಾಗಿ ಬರೆಸಿದರು.

ಆದರೆ ಇದೆಲ್ಲ ಆಗುವ ಮೊದಲು ನೀಲಗಂಗವ್ವನ ಮುಂದಿನ ಪಾಳಿ ಬಂತು. ನಾನು ಇನ್ನೂ ರಿಪೇರಿಗೆ ಕಾಯುತ್ತ ಮೂಲೆಯಲ್ಲಿದ್ದೆ. ಅವಳು ಬಂದು ಮಲಗಿದಳು. ಎಸ್ತರ್ ಸಿಸ್ಟರ್ ಸೂಜಿ ಹಿಡಿದು ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀಲಗಂಗವ್ವ ಕೈ ಚಾಚಿದಳು. ಅದು ಬಿಗಿದ ಹಗ್ಗದಂತೆ ಸೆಟೆದಿತ್ತು. ಸಿಸ್ಟರ್ ನರ ಹುಡುಕಿದರು, ಬಿಟ್ಟರು, ಮತ್ತೆ ಹುಡುಕಿದರು.

"ಕೈ ಸಡ್ಲ ಬಿಡ್ರಿ ಅಕ್ಕಾರ," ಎಂದರು ಕೊನೆಗೆ. "ನಾನೂ ಅಂಜೀನಿ. ಅವತ್ತ ನಾನ ಬಾಯಿ ಬಿಡಬೇಕಿತ್ತು."

ನೀಲಗಂಗವ್ವನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಸೂಜಿ ಒಂದೇ ಸಲಕ್ಕೆ ಸರಿಯಾಗಿ ಕೂತಿತು.

ನಾನು ಮತ್ತೆ ಕೆಲಸ ಆರಂಭಿಸಿದ ದಿನ ನದಾಫರ ಹೆಂಡತಿ ಮಾಬೂಬಿ ವಾರ್ಡಿನ ಬಾಗಿಲಿಗೆ ಬಂದಿದ್ದರು. ತಮ್ಮ ಗಂಡ ಮಲಗುತ್ತಿದ್ದ ಮಂಚ ಯಾವುದು ಎಂದು ಕೇಳಿದರು. ರಾಚಯ್ಯ ತೋರಿಸಿದ. ಅದರ ಮೇಲೆ ಬೇರೊಬ್ಬರು ಮಲಗಿದ್ದರು, ರಕ್ತ ನನ್ನಲ್ಲಿ ಓಡುತ್ತಿತ್ತು. ಮಾಬೂಬಿ ಸ್ವಲ್ಪ ಹೊತ್ತು ನೋಡಿ ಹೋದರು. ಯಾವ ಆದೇಶವೂ ಅವರಿಗೆ ಏನನ್ನೂ ಮರಳಿ ಕೊಡಲಿಲ್ಲ. ಅದನ್ನು ನಾನು ಮುಚ್ಚಿಡಲಾರೆ.

ಮುಂದೆ ಹಲವು ವರ್ಷ ದುಡಿದೆ. ನನ್ನ ಗಾಜು ಮಂಕಾಯಿತು, ಚಕ್ರ ಸವೆದವು. ಇನ್ನು ನನ್ನನ್ನು ನಂಬುವುದು ಸರಿಯಲ್ಲ ಎಂದು ತಪಾಸಣೆಗೆ ಬಂದವರು ಬರೆದರು. ಈಗ ನಾನು ನರ್ಸಿಂಗ್ ಶಾಲೆಯೊಂದರ ಕಿಟಕಿಯ ಪಕ್ಕ ಇದ್ದೇನೆ. ಹುಡುಗಿಯರು ನನ್ನ ಗುಂಡಿಗಳನ್ನು ಒತ್ತಿ ಕಲಿಯುತ್ತಾರೆ. ನನ್ನಲ್ಲಿ ಈಗ ಓಡುವುದು ಬರೀ ನೀರು.

ಮುದಿತನದಲ್ಲಿ ಎಲ್ಲರಿಗೂ ತಾವಿಲ್ಲದೆ ಏನಾಯಿತೋ ಎಂಬ ಚಿಂತೆ ಇರುತ್ತದಂತೆ. ನನಗೆ ಇಲ್ಲ. ನನ್ನನ್ನು ತೆಗೆದುಕೊಂಡು ಹೋಗಲು ಟೆಂಪೊ ಬಂದಾಗ ಹೊಸ ಯಂತ್ರ ಆಗಲೇ ಒಳಗೆ ಬಂದಿತ್ತು. ರಾಚಯ್ಯ ಅದಕ್ಕೆ ನೀರಿನ ಕೊಳವೆ ಜೋಡಿಸಿ, ಸದ್ದು ಕೇಳಿ, ತಲೆಯಾಡಿಸಿದ. ನೀಲಗಂಗವ್ವ ಹೊತ್ತಿಗೆ ಸರಿಯಾಗಿ ಬಂದು ಮಲಗಿದಳು. ನಾನು ಬಾಗಿಲು ದಾಟುವಾಗ ಅವಳು ನನ್ನತ್ತ ನೋಡಲಿಲ್ಲ, ಸಿಸ್ಟರ್ ಜೊತೆ ಜೋಳದ ಧಾರಣೆ ಮಾತಾಡುತ್ತಿದ್ದಳು.

ಆ ದಿನ ಯಾರ ಪಾಳಿಯೂ ತಪ್ಪಲಿಲ್ಲ.