ಮಾರ್ಯುನ್‌ಗೆ ಇಟ್ಟ ಎಡೆ

ಹಿತ್ತಲ ಶೆಡ್ಡಿನ ಕೊಕ್ಕೆಯಿಂದ ಒಣಗಿದ ಕುರಿಮರಿ ತೊಡೆಯನ್ನು ಇಳಿಸಿ ಕಿರಿಯ ಮಗ ಮಹೇಶ ಗಾರ್ಬೇಜ್ ಬ್ಯಾಗಿಗೆ ತುರುಕುತ್ತಿದ್ದಾಗ ಚನ್ನಬಸಮ್ಮ ಕೋಲೂರಿಕೊಂಡು ಬಾಗಿಲಿಗೆ ಬಂದರು. ಹಿರಿಯ ಸೊಸೆ ಮಾರ್ಯುನ್‌ಳನ್ನು ಮಣ್ಣು ಮಾಡಿ ಬಂದು ಇನ್ನೂ ಕಾಲು ತೊಳೆದ ನೀರು ಆರಿರಲಿಲ್ಲ.

"ಏನ್ ಮಾಡಾಕತ್ತೀಯೋ?"

"ಅವ್ವಾ, ಮಂದಿ ಬರಾಕತ್ತಾರ. ಇದು ಕೊಳತು ನಾರತೈತಿ. ಈ ಹಿಕ್ಸ್‌ವಿಲ್ ಊರ ತುಂಬ ನಮ್ಮ ಹೆಸರು ಕೆಡತೈತಿ."

ಇವನ ಹೆಸರಿನ ಚಿಂತೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಬೆಳಿಗ್ಗೆ ಫ್ಯೂನರಲ್ ಹೋಮಿನಲ್ಲಿ ಮೈಕ್ ಹಿಡಿದು, "ನಮ್ಮ ವೈನಿ ಮದುವೆಯಾದ ದಿನದಿಂದ ಮಾಂಸ ಮುಟ್ಟಲಿಲ್ಲ, ಪ್ಯೂರ್ ವೆಜ್, ನಮ್ಮವರೇ ಆಗಿಬಿಟ್ಟರು" ಎಂದು ಹೊಗಳಿದ್ದ. ಜನ ತಲೆದೂಗಿದ್ದರು. ಹಿರಿಯ ಮಗ, ಸತ್ತವಳ ಗಂಡ ಈಶಣ್ಣ ತಲೆ ತಗ್ಗಿಸಿ ಕೂತಿದ್ದ. ಸತ್ತವಳು ಎದ್ದು ಬಂದು ಅಲ್ಲ ಎನ್ನುತ್ತಾಳೆಯೇ?

*

ಫರೋ ದ್ವೀಪದವಳು ಮಾರ್ಯುನ್. ನಡುಗಡಲು, ಮರವಿಲ್ಲದ ಗುಡ್ಡ, ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ಗಾಳಿಯಾಡಲೆಂದು ಹಲಗೆಗಳ ನಡುವೆ ಸಂದು ಬಿಟ್ಟು ಈ ಶೆಡ್ಡನ್ನು ತಾನೇ ಕಟ್ಟಿ, ಪ್ರತಿ ಚಳಿಗಾಲ ತನ್ನೂರಿನ ರೀತಿಯಲ್ಲಿ ಮಾಂಸ ತೂಗುಹಾಕಿ ಒಣಗಿಸುತ್ತಿದ್ದಳು. ಮೊದಲ ಸಲ ಚನ್ನಬಸಮ್ಮ ಮೂಗಿಗೆ ಸೆರಗು ಒತ್ತಿಕೊಂಡು, "ಉಪ್ಪರೇ ಹಚ್ಚಬಾರದೇನವಾ?" ಎಂದಿದ್ದರು.

"ನಮ್ಮೂರಾಗ ಗಾಳೀನ ಉಪ್ಪು, ಅತ್ತಿ," ಎಂದು ನಕ್ಕಿದ್ದಳು.

ಶೆಡ್ಡಿನ ಚಾಕು ಎಂದೂ ಅಡುಗೆಮನೆಗೆ ಬರಲಿಲ್ಲ. ಮಾಂಸ ತಿಂದ ದಿನ ತಲೆಗೆ ನೀರು ಹಾಕಿಕೊಂಡೇ ಅತ್ತೆಗೆ ರೊಟ್ಟಿ ಬಡಿಯುವಳು. ಬಚ್ಚಿಟ್ಟವಳು ಅವಳಲ್ಲ, ನೆಂಟರು ಬಂದಾಗಲೆಲ್ಲ ಶೆಡ್ಡಿಗೆ ಬೀಗ ಜಡಿಯುತ್ತಿದ್ದವನು ಈ ಮಹೇಶ.

*

ಚನ್ನಬಸಮ್ಮ ಬ್ಯಾಗು ಕಸಿದುಕೊಂಡು ಒಳಗೆ ನಡೆದರು. ಫೋಟೋದ ಮುಂದೆ ಎಡೆ ಸಿದ್ಧವಾಗುತ್ತಿತ್ತು. ಎಲ್ಲರಿಗೂ ಸೋಮವಾರ ಆಫೀಸು, ಮೂರನೆಯ ದಿನದ ಕಾರ್ಯವನ್ನೂ ಇವತ್ತೇ ಮುಗಿಸೋಣ ಎಂದು ಮಹೇಶನೇ ಹೇಳಿದ್ದ.

"ಅಕ್ಕಗ ಹೋಳಿಗಿ ಅಂದ್ರ ಜೀವ ಇತ್ರಿ," ಎನ್ನುತ್ತ ಅವನ ಹೆಂಡತಿ ಭೂಮಿಕಾ ಬಂದವರ ಎದುರು ಎಡೆಯ ಎಲೆಯ ಮೇಲಿನ ಹೋಳಿಗೆಗೆ ತುಪ್ಪ ಸುರಿಯುತ್ತಿದ್ದಳು.

"ಸುಳ್ಳು," ಎಂದರು ಚನ್ನಬಸಮ್ಮ. "ಹೋಳಿಗಿ ಆಕೀಗೆ ಸೇರತಿದ್ದಿಲ್ಲ. ನನ್ನ ಸಲುವಾಗಿ ತಿಂತಿದ್ಲು."

ಹಿಂದೆಯೇ ಓಡಿಬಂದ ಮಹೇಶ ಹಲ್ಲು ಕಚ್ಚಿ, "ಅವ್ವಾ, ಲಿಂಗ ಕಟ್ಟಿದ ಮನಿ ಇದು!" ಎಂದ.

"ಲಿಂಗ ನನ್ನ ಕೊರಳಾಗ ಐತಿ. ನಿನ್ನ ಬಾಯಾಗ ಬರೇ ಸುಳ್ಳೈತಿ. ಸತ್ತಾವ್ರ ಮುಂದ ಅವರು ಉಣ್ಣೂದು ಇಡಬೇಕೋ, ನಿನ್ನ ಮರ್ಯಾದಿ ಇಡಬೇಕೋ?"

ಈಶಣ್ಣ ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗಿ, ಶೆಡ್ಡಿನ ಚಾಕು ತಂದು ತಾಯಿಯ ಮುಂದಿಟ್ಟ.

ಜನ್ಮದಲ್ಲಿ ಮಾಂಸ ಮುಟ್ಟದ ಚನ್ನಬಸಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಬ್ಯಾಗಿನಿಂದ ಕುರಿಯ ಗಟ್ಟಿ ತೊಡೆಯನ್ನು ತೆಗೆದು ಮಡಿಲಲ್ಲಿ ಒತ್ತಿ ಹಿಡಿದು, ತೆಳ್ಳಗೆ ಒಂದು ಹೋಳು ಕೊಯ್ದರು. ಹೋಳಿಗೆಯನ್ನು ಬದಿಗೆ ಸರಿಸಿ ಅದನ್ನು ಎಲೆಯ ನಡುವೆ ಇಟ್ಟರು. ಸೆರಗು ಜಾರಿ ನೆಲಕ್ಕೆ ಬಿದ್ದಿತ್ತು. ಈ ಸಲ ಅದನ್ನು ಅವರು ಮೂಗಿಗೆ ಒಯ್ಯಲಿಲ್ಲ.